ಟಿವಿಯ ಧಣಿಗೆ ಎದ್ದು ನಿಲ್ಲುವ ಮಾವ

ನಮ್ಮ ಸೋದರಮಾವನಷ್ಟು ಕಷ್ಟಪಟ್ಟು ಟಿವಿ ನೋಡಿದ ಮನುಷ್ಯ ಇಡೀ ಕಲಬುರಗಿಯಲ್ಲಿ ಇನ್ನೊಬ್ಬ ಇರಲಾರ. ಉಳಿದವರು ಟಿವಿ ಮುಂದೆ ಕೂತು ಮೈ ಬೆಳೆಸಿಕೊಂಡರೆ ಮಾವ ಕರಗಿಸಿಕೊಂಡರು. ನಂಬುವುದಿಲ್ಲವೇ? ಅರ್ಧ ತಾಸಿನ ಒಂದು ಧಾರಾವಾಹಿಗೆ ಅವರು ಇಪ್ಪತ್ತು ಸಲ ಏಳುತ್ತಿದ್ದರು, ಇಪ್ಪತ್ತು ಸಲ ಕೂಡುತ್ತಿದ್ದರು!

ತೊಂಬತ್ತರ ದಶಕದ ಮಾತು. ಸೇಡಂ ರಸ್ತೆಯ ನಮ್ಮ ಮನೆಗೆ ಆಗಷ್ಟೇ ಕೇಬಲ್ಲು ಬಂದಿತ್ತು. ಮಾವನ ಊರು ಕಮಲಾಪುರಕ್ಕೆ ಇನ್ನೂ ಬಂದಿರಲಿಲ್ಲ. ಪ್ರತಿ ಶನಿವಾರ ಸಂಜೆ ಒಂದು ಇಂಗ್ಲಿಷ್ ಹಾಸ್ಯ ಧಾರಾವಾಹಿ ಬರುತ್ತಿತ್ತು. ಬಿಳಿಯರ ದೇಶದಲ್ಲಿ ಮೋಟಾರು ಹೊಸದಾಗಿ ಬಂದ ಕಾಲದ ಕಥೆ. ದೊಡ್ಡದೊಂದು ಬಂಗಲೆ; ಮೇಲಿನ ಅಂತಸ್ತಿನಲ್ಲಿ ಧಣಿಗಳು, ಕೆಳಗೆ ಅಡುಗೆಮನೆಯಲ್ಲಿ ಆಳುಗಳು. ಧಣಿಗಳು ಪೆದ್ದರು, ಆಳುಗಳು ಜಾಣರು, ಅಷ್ಟೇ ಸಾರಾಂಶ. ಇದಕ್ಕಾಗಿ ಮಾವ ಚೀಲದ ತುಂಬ ಕೆಂಪು ಬಾಳೆಹಣ್ಣು ತುಂಬಿಕೊಂಡು ಬಸ್ಸು ಹತ್ತಿ ಬರುತ್ತಿದ್ದರು. ಇಂಗ್ಲಿಷು ಒಂದಕ್ಷರ ಬರುತ್ತಿರಲಿಲ್ಲ, ಆ ಮಾತು ಬಿಡಿ.

ಅಡುಗೆಮನೆ ತೋರಿಸುವವರೆಗೂ ಮಾವ ಆರಾಮಾಗಿ ಕೂತಿರುತ್ತಿದ್ದರು. ಮೇಲಿನ ಕೋಣೆಗೆ ಧಣಿ ಕಾಲಿಟ್ಟನೋ, ಮಾವ ಧಡಕ್ಕನೆ ಎದ್ದು ಕೈಕಟ್ಟಿ ನಿಲ್ಲುತ್ತಿದ್ದರು. ಹಿಂದೆ ಕೂತ ನಮಗೆಲ್ಲ ಅವರ ಧೋತರವೇ ಧಾರಾವಾಹಿ! ಅವ್ವ ಬೇಸತ್ತು ಅವರ ಕುರ್ಚಿಯನ್ನು ಎಲ್ಲರ ಹಿಂದೆ ಹಾಕಿಸಿದಳು. ಏನು ಪ್ರಯೋಜನ? ಹಿಂದಿನಿಂದ ಕುರ್ಚಿ ಕಿರ್ ಎಂದಾಗಲೆಲ್ಲ ನಾವೂ ಅರ್ಧರ್ಧ ಏಳತೊಡಗಿದೆವು. ಶನಿವಾರ ಸಂಜೆಯಾದರೆ ನಮ್ಮ ಮನೆಯಲ್ಲಿ ಯಾರಿಗೂ ನೆಟ್ಟಗೆ ಕೂರುವ ನೆಮ್ಮದಿ ಇರುತ್ತಿರಲಿಲ್ಲ.

ಆ ಧಾರಾವಾಹಿಯಲ್ಲಿ ಮಾತುಮಾತಿಗೆ ಕಾಣದ ಜನ ಗೊಳ್ಳೆಂದು ನಗುತ್ತಿದ್ದರಲ್ಲ, ಅವರು ಯಾರು? ನನಗೂ ಗೊತ್ತಿರಲಿಲ್ಲ. ಮಾವನಿಗೆ ಗೊತ್ತಿತ್ತು. ಅವರು ಪಕ್ಕದ ಬಂಗಲೆಯ ಆಳುಗಳಂತೆ. "ಧಣಿ ಎದುರು ನಗಲಾಕ ಬರತದೇನು? ಗ್ವಾಡಿ ಆ ಕಡಿ ನಿಂತು ನಗಲಕತ್ತಾರ" ಎಂದು ನನಗೆ ತಿಳಿಸಿ ಹೇಳಿದರು.

ಇಂಗ್ಲಿಷಿನಲ್ಲಿ ಬಿಎ ಮಾಡುತ್ತಿದ್ದ ನಮ್ಮಣ್ಣ ಒಂದು ಸಲ, ಧಾರಾವಾಹಿಯ ಹಿರಿಯ ಆಳಿಗೆ ಮೈ ಹುಷಾರಿಲ್ಲ, ರಜೆಯ ಮೇಲೆ ಊರಿಗೆ ಹೊರಟಿದ್ದಾನೆ ಎಂದು ವಿವರಿಸಿದ. ಮಾವ ಒಪ್ಪಲಿಲ್ಲ. ರಜೆಗೆ ಹೋಗುವವನು ಬೀಗದ ಕೈ ಗೊಂಚಲನ್ನು ಮೇಜಿನ ಮೇಲೆ ಇಟ್ಟು ಹಾಗೆ ಸವರುವುದಿಲ್ಲ, ಅವನನ್ನು ತೆಗೆದುಹಾಕಿದ್ದಾರೆ ಎಂದರು. ಮುಂದಿನ ವಾರ ನೋಡಿದರೆ ಮಾವ ಹೇಳಿದ್ದೇ ಸರಿ! ಅಣ್ಣ ಆ ವರ್ಷ ಇಂಗ್ಲಿಷಿನಲ್ಲಿ ಪಾಸಾದದ್ದು ಹೇಗೋ, ದೇವರೇ ಬಲ್ಲ.

ಮಾವನಿಗೆ ಇದೆಲ್ಲ ತಿಳಿದದ್ದರಲ್ಲಿ ಸೋಜಿಗವೇನೂ ಇಲ್ಲ. ಕಮಲಾಪುರದ ಹತ್ತಿರ ಒಬ್ಬ ಧಣಿಯ ದೊಡ್ಡ ವಾಡೆಯಲ್ಲಿ ಅವರು ಮೂವತ್ತು ವರ್ಷ ಚಾಕರಿ ಮಾಡಿದ್ದರು. ಧಣಿಯ ಮುಂದೆ ಆಳು ಕೂಡುವ ಪದ್ಧತಿ ಅಲ್ಲಿರಲಿಲ್ಲ. ಧಣಿ ತೀರಿಕೊಂಡರು, ಜಮೀನು ಹಂಚಿಹೋಯಿತು, ವಾಡೆಗೆ ಬೀಗ ಬಿತ್ತು. ಆದರೆ ಮಾವನ ಮೊಣಕಾಲಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಹೀಗಿರುವಾಗ ಧಣಿಯ ಮಗ, ಮಾವನ ಬಾಯಲ್ಲಿ ಇಂದಿಗೂ ಸಣ್ಣ ಧಣಿ, ಮಾವನ ಮಗಳಿಗೆ ಒಂದು ವರ ತಂದರು. ಹುಡುಗನದು ಕಪನೂರಿನಲ್ಲಿ ವರ್ಕ್‌ಶಾಪು. ಕನ್ಯೆ ನೋಡುವುದು ನಮ್ಮ ಮನೆಯಲ್ಲಿ, ಸಣ್ಣ ಧಣಿಯೂ ಜೊತೆಗೆ ಬರುವವರು ಎಂದು ಗೊತ್ತಾಯಿತು. ಮಾವನ ಮಗಳು ಬಾಲವಾಡಿಯಲ್ಲಿ ಪಾಠ ಹೇಳುತ್ತಿದ್ದ ಹುಡುಗಿ, ಮೆದು ಮಾತಿನವಳು. ಅವಳು ಅಪ್ಪನನ್ನು ಕೂರಿಸಿಕೊಂಡು ಒಂದೇ ಮಾತು ಹೇಳಿದಳು:

"ಅಪ್ಪಾ, ಅವತ್ತು ನೀ ಕೈಕಟ್ಟಿ ನಿಂತಿ ಅಂದ್ರ, ನಾಳಿ ಆ ಮನ್ಯಾಗ ನನಗ ಜನ್ಮಪೂರ್ತಿ ನಿಂದರಸ್ತಾರ."

ಮಾವ ಹೆದರಿದರು. ಮೂರು ಶನಿವಾರ ತಾಲೀಮು ನಡೆಯಿತು, ಅದೇ ಟಿವಿಯ ಮುಂದೆ. ಧಣಿ ತೆರೆಯ ಮೇಲೆ ಬಂದ ಕೂಡಲೇ ಮಾವ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಬೆವರುತ್ತ ಕೂಡುತ್ತಿದ್ದರು. ಮಗಳು ಹಿಂದಿನಿಂದ ಹೆಗಲು ಒತ್ತಿ ಹಿಡಿಯುತ್ತಿದ್ದಳು. ಮೂರನೆಯ ವಾರ ಒಮ್ಮೆಯೂ ಏಳಲಿಲ್ಲ! ಆಮೇಲೆ ಅಂಗಳಕ್ಕೆ ಹೋಗಿ ಅರ್ಧ ತಾಸು ಸುಮ್ಮನೆ ನಿಂತು ಬಂದರು, ಪಾಪ.

ಆ ದಿನ ಬಂತು. ಬಾಗಿಲಲ್ಲಿ ವರ, ಅವನ ತಂದೆ ತಾಯಿ, ಅವರ ಹಿಂದೆ ಸಣ್ಣ ಧಣಿ. ನಾವೆಲ್ಲ ಎದ್ದು "ಬರ್ರಿ, ಬರ್ರಿ" ಎಂದು ಕೈಮುಗಿದೆವು. ಮಾವ ಮಾತ್ರ ಕೂತೇ ಇದ್ದರು! ಬೀಗರಾಗಬೇಕಾದವರು ಮನೆಗೆ ಬಂದರೆ ಕನ್ಯೆಯ ಅಪ್ಪನೂ ಏಳಬೇಕು ಎನ್ನುವುದನ್ನು ತಾಲೀಮಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ವರನ ತಂದೆಯ ಮುಖ ಗಂಟಿಕ್ಕಿತು. ಅಡುಗೆಮನೆಯ ಬಾಗಿಲಲ್ಲಿ ಹುಡುಗಿ ಬಿಳಿಚಿಕೊಂಡಳು. ಸಂಬಂಧ ಮುರಿಯಿತೆಂದೇ ನಾನು ಎಣಿಸಿದೆ. ಅವ್ವ ಗಾಬರಿಯಲ್ಲಿ, ಅವರಿಗೆ ಮೊಣಕಾಲು ನೋವು ಎಂದು ಸುಳ್ಳು ಹೇಳಿದಳು.

ಮಾವನಿಗೆ ಸುಳ್ಳು ಒಗ್ಗುವುದಿಲ್ಲ. "ಮೊಣಕಾಲು ಛಲೋ ಅವರಿ," ಎಂದರು. ಆಮೇಲೆ ಸಣ್ಣ ಧಣಿಯ ಕಡೆ ಕೈ ತೋರಿಸಿದರು. "ಇವರ ವಾಡೇದಾಗ ಮೂವತ್ತು ವರ್ಷ ನಿಂತೀನಿ. ಇವತ್ತು ಮಗಳ ಸಲುವಾಗಿ ಕುಂತೀನಿ. ತಪ್ಪಾಗಿದ್ರ ಹೇಳ್ರಿ."

ಸಣ್ಣ ಧಣಿ ನೆಲ ನೋಡುತ್ತ ನಿಂತರು. ಗಂಡನ ಹಿಂದೆ ಸೆರಗು ಹಿಡಿದು ನಿಂತಿದ್ದ ವರನ ತಾಯಿಯೇ ಕೊನೆಗೆ ಮುಂದೆ ಬಂದು, "ತಪ್ಪೇನದರಿ ಅಣ್ಣಾವ್ರೆ? ಕೂಡ್ರಿ" ಎಂದು, ತಾವೂ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಗಂಡ ಒಮ್ಮೆ ಹೆಂಡತಿಯ ಕಡೆ ನೋಡಿ, ತಾವೂ ಕೂತರು.

ಸ್ವಲ್ಪ ಹೊತ್ತಿಗೆ ಹುಡುಗಿ ಚಹಾ ತಂದು ಎಲ್ಲರಿಗೂ ಕೊಟ್ಟಳು. ಕನ್ಯೆ ಕೂಡಲೆಂದು ವಾಡಿಕೆಯಂತೆ ನೆಲಕ್ಕೆ ಜಮಖಾನೆ ಹಾಸಿದ್ದೆವು. ಅವಳು ಅದರ ಮೇಲೆ ಕೂರಲು ಬಗ್ಗಿದಳು. ಆಗ ಮಾವ ಎದ್ದರು. ಹೆಗಲ ಮೇಲಿನ ಟವೆಲ್ಲಿನಿಂದ ತಮ್ಮ ಕುರ್ಚಿಯನ್ನು ಒರೆಸಿ, ಅವಳ ತೋಳು ಹಿಡಿದು, "ಇಲ್ಲಿ ಕೂಡವ್ವಾ" ಎಂದರು.

ಅವಳು ಕೂತಳು. ಮಾವ ಅವಳ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತರು. ನಮ್ಮ ಮಾವ ಅಷ್ಟು ಎತ್ತರದ ಮನುಷ್ಯ ಎಂದು ನನಗೆ ಅಂದೇ ಗೊತ್ತಾದದ್ದು.