ಸ್ಯಾಟಲೈಟಿನ ಸ್ವೀಡಿಷ್ ಕ್ಯಾಪ್ಟನ್

ನಮ್ಮ ಕಾಕಾ ಜನ್ಮದಲ್ಲಿ ಐಸ್ ಮೇಲೆ ಕಾಲಿಟ್ಟವನಲ್ಲ. ಅವನಿಗೆ ಗೊತ್ತಿರುವ ಐಸೆಂದರೆ ಗೋಲಾ ಗಾಡಿಯವನು ಕೆರೆದು, ಮೇಲೆ ಬಣ್ಣದ ಪಾಕ ಸುರಿದು ಕೊಡುವುದೊಂದೇ. ಆದರೂ ಇಡೀ ಅಹಮದಾಬಾದಿನಲ್ಲಿ ಐಸ್‌ಹಾಕಿ ತಂಡದ ಕ್ಯಾಪ್ಟನ್ ಆಗುವ ಯೋಗ್ಯತೆ ಇರುವುದು ಅವನೊಬ್ಬನಿಗೇ ಎಂದು ಬೇಕಾದರೆ ಬರೆದುಕೊಡುತ್ತೇನೆ!

ಇದೆಲ್ಲ ಶುರುವಾದದ್ದು ಅವನ ಹೆಂಡತಿ, ನಮ್ಮ ಕಾಕು, ಹುಬ್ಬಳ್ಳಿಗೆ ಹೋದ ಮೇಲೆ. ಅವಳ ಅವ್ವ ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳಲು ಬೇರೆ ಮಕ್ಕಳಿಲ್ಲ. ಕಾಕಾನನ್ನು ಬ್ಯಾಂಕಿನ ನೌಕರಿ ಇಲ್ಲೇ ಕಟ್ಟಿಹಾಕಿತ್ತು. ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟು ಬಿಕೋ ಎನ್ನುತ್ತದೆಂದು ಅವನು ಬೆಳಗಾದರೆ ಟಿವಿ ಹಚ್ಚಿಬಿಡುತ್ತಿದ್ದ. ಒಂದು ದಿನ ಅದರಲ್ಲಿ ಅಮೆರಿಕದ ಯಾವುದೋ ಐಸ್‌ಹಾಕಿ ತಂಡದ ಸ್ವೀಡಿಷ್ ಕ್ಯಾಪ್ಟನ್ ಕಣ್ಣಿಗೆ ಬಿದ್ದ. ಆ ಮಹಾನುಭಾವ ಕೂಗುವುದಿಲ್ಲ, ಕುಣಿಯುವುದಿಲ್ಲ. ಚೆಂಡಿನ ಬದಲು ಅವರು ಆಡುವ ರಬ್ಬರ್ ಬಿಲ್ಲೆ ರಭಸದಿಂದ ಬಂದರೆ ತಾನೇ ಮೈಯೊಡ್ಡುತ್ತಾನೆ. ಹೊಸ ಹುಡುಗರನ್ನು ಮನೆಗೆ ಕರೆದು ಉಣ್ಣಿಸುತ್ತಾನಂತೆ. ಕಾಕಾ ಅಲ್ಲೇ ಶರಣಾದ. ಕೆಲಸ ಸಿಕ್ಕಿ ಆಗಷ್ಟೇ ಅವನ ಮನೆಗೆ ಬಂದಿಳಿದಿದ್ದ ನಾನು ಅವನ ತಂಡದ ಬಲವಂತದ ಆಟಗಾರ್ತಿಯಾದೆ!

ಒಮ್ಮೆ ಮೇ ತಿಂಗಳ ಮಟಮಟ ಮಧ್ಯಾಹ್ನ ಆಟೋದವನು, ಒಳಗೆ ಬರುವುದಿಲ್ಲ ಎಂದು ನಮ್ಮನ್ನು ದೊಡ್ಡ ರಸ್ತೆಯಲ್ಲೇ ಇಳಿಸಿದ. ನಾನು ಸೊಂಟ ಕಟ್ಟಿ ಜಗಳಕ್ಕೆ ನಿಂತೆ. ಕಾಕಾ ಕೈ ಅಡ್ಡ ಹಿಡಿದ.

"ನೀ ಸುಮ್ಮನಿರವಾ. ರೆಫ್ರೀ ಜೋಡಿ ಮಾತಾಡೋ ಹಕ್ಕು ಕ್ಯಾಪ್ಟನ್‌ಗಷ್ಟ ಇರತದ!"

ಆಟೋದವನು ಯಾವಾಗ ರೆಫ್ರೀ ಆದ? ಕೇಳುವ ಹಾಗಿಲ್ಲ! ಕಾಕಾ ಬಾಗಿ, ಆ ಕ್ಯಾಪ್ಟನ್ನನ ಮೆಲುದನಿಯಲ್ಲೇ ನ್ಯಾಯ ಹೇಳತೊಡಗಿದ. ಇಂಜಿನ್ನಿನ ಗದ್ದಲದಲ್ಲಿ ಆಟೋದವನಿಗೆ ಒಂದಕ್ಷರ ಕೇಳಿಸಿದ್ದರೆ ಕೇಳಿ. "ಆವ್‌ಜೋ, ಅಂಕಲ್!" ಎಂದು ಕೈಬೀಸಿ ಹೊರಟೇಹೋದ. ಬೆವರು ಸುರಿಸುತ್ತ ನಡೆಯುವಾಗ ಕಾಕಾ, "ನೋಡಿದ್ಯಾ, ಜಗಳ ಆಗಲೇ ಇಲ್ಲ" ಎಂದು ಬೀಗಿದ.

ಇನ್ನೊಮ್ಮೆ ಸೊಸೈಟಿಯ ಮಕ್ಕಳು ಪಾರ್ಕಿಂಗಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ಚೆಂಡು, ಎಲ್ಲರೂ ಬೆನ್ ಎಂದು ಕರೆಯುವ ಎದುರುಮನೆಯ ಗುಜರಾತಿ ಅಕ್ಕನವರ ಕಾರಿನ ಗಾಜಿನತ್ತ ಹಾರಿತು. ಕಾಕಾ ಹಾರಿ ಅಡ್ಡ ಬಿದ್ದ. ಕಾರು ಉಳಿಯಿತು, ಕಾಕಾನ ಕನ್ನಡಕ ಹೋಯಿತು, ಹಣೆ ಊದಿತು. ಬೆನ್ ಓಡಿಬಂದು ಹಣೆ ಬಡಿದುಕೊಂಡರು: "ಅರೆ ಅಂಕಲ್, ಗಾಡಿ ತೋ ಜೂನೀ ಛೇ!" ಆ ಹಳೆ ಗಾಡಿಯನ್ನು ಅವರು ಮರುವಾರ ಗುಜರಿಗೇ ಕೊಟ್ಟರು.

ಇಂಥ ಶೂರನಿಗೆ ಕಾಕುವಿನ ಫೋನು ಬಂದರೆ ಮಾತ್ರ ದನಿ ಒಡೆಯುತ್ತಿತ್ತು. ಕಳೆದ ತಿಂಗಳು ಬ್ಯಾಂಕಿನ ಹುಬ್ಬಳ್ಳಿ ಶಾಖೆಯಲ್ಲಿ ಒಂದೇ ಒಂದು ಜಾಗ ಖಾಲಿಯಾಯಿತು. "ಒಂದ್ಸಲಾನಾದ್ರೂ ನಿಮ್ಮ ಸಲುವಾಗಿ ಕೇಳ್ರಿ" ಎಂದು ಕಾಕು ಅಂಗಲಾಚಿದಳು. ಏನು ಹೇಳಬೇಕೆಂದು ನಾನು ಗಿಳಿಪಾಠ ಮಾಡಿಸಿ, ಅವನನ್ನು ದೊಡ್ಡ ಸಾಹೇಬರ ಹತ್ತಿರ ಕಳಿಸಿದೆ. ಸಂಜೆ ನಗುನಗುತ್ತ ಬಂದ.

"ಕೆಲಸ ಆತೇನು ಕಾಕಾ?"

"ಆತವಾ! ಆಕಿಗೆ ಹುಬ್ಬಳ್ಳಿ ಸಿಕ್ತು."

"ಆಕಿ ಯಾರು?"

ಅವನ ಶಾಖೆಯ ಕ್ಲಾರ್ಕ್ ಹುಡುಗಿಯಂತೆ. ಹಸುಗೂಸನ್ನು ಹುಬ್ಬಳ್ಳಿಯ ತವರಲ್ಲಿ ಬಿಟ್ಟು ಬಂದವಳು, ಸಾಹೇಬರ ಬಾಗಿಲಲ್ಲಿ ಒಳಗೆ ಹೋಗಲು ಹೆದರಿ ನಿಂತಿದ್ದಳಂತೆ. ಕಾಕಾ ಅವಳ ಪರವಾಗಿ ಮಾತಾಡಿ ಬಂದಿದ್ದ!

ನನಗೆ ಮೈಯೆಲ್ಲ ಉರಿಯಿತು. "ಮತ್ತ ನಿಂದು ಯಾಕ ಕೇಳಲಿಲ್ಲ?"

"ಆ ಕೂಸಿನ ಫೋಟೋ ತೋರಿಸಿದಳು. ಆಮ್ಯಾಲೆ ನಂದು ಹೆಂಗ ಕೇಳ್ಲಿ?" ಅವನ ನಗು ನಿಂತಿತು. "ನಿಮ್ಮ ಕಾಕುಗ ಹೆಂಗ ಹೇಳೋದಂತ ತಿಳೀವಲ್ದು."

ಕಾಕುಗೆ ಫೋನು ನಾನೇ ಹಚ್ಚಿ, ಸ್ಪೀಕರ್ ಹಾಕಿ ಊಟದ ಟೇಬಲ್ ಮೇಲಿಟ್ಟೆ. ಕಾಕಾ ಎಲ್ಲ ಹೇಳಿದ.

"ಛಲೋ ಮಾಡಿದ್ರಿ" ಎಂದಳು ಕಾಕು. "ಊಟಾ ಮಾಡ್ರಿ. ನಾನೂ ಗಂಗಾಳ ತಗೊಂಡ ಕೂಡತೀನಿ."

ಇಬ್ಬರೂ ಉಣ್ಣತೊಡಗಿದರು, ಅವನು ಇಲ್ಲಿ, ಅವಳು ಅಲ್ಲಿ. "ನೀ ಇಲ್ಲದ ಮನಿ ಮನೀ ಅನಸವಲ್ದು ನೋಡು" ಎಂದ ಕಾಕಾ, ತಲೆ ಎತ್ತದೆ. ಕಾಕು ಮೂಗು ಎಳೆದುಕೊಂಡದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವಳು ರೂಢಿಯ ಮೇಲೆ ಅಂದುಬಿಟ್ಟಳು: "ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?"



ಕಾಕಾ ತಟ್ಟೆಯನ್ನು ಮೆಲ್ಲಗೆ ಫೋನಿನ ಹತ್ತಿರ ಸರಿಸಿ, "ಹಾಕು" ಎಂದ.