ನನ್ನ ಪ್ಯಾಕೇಜಿನ ಎರಡನೇ ಗಿರಾಕಿ

ಒಂದೂರಲ್ಲಿ ಎರಡು ಮಳೆಗಾಲ ನಿಲ್ಲದ ಮನುಷ್ಯ ನಾನು. ಹೋದಲ್ಲೆಲ್ಲ ‘ನೀವು ಮಾಡೋದೇನು?’ ಅಂತ ಕೇಳುತ್ತಾರೆ. ಹೇಳಿದ ಮೇಲೆ ಇಂಥದ್ದೇ ಏನಾದರೊಂದು ಆಗುತ್ತದೆ.

೧. ಸಕ್ಕರೆ ಕಡಿಮೆ

ಈಗಿರುವುದು ಪಣಜಿಯಿಂದ ತಾಸಿನ ದಾರಿಯ ಸಡಾದಲ್ಲಿ, ಗುಡ್ಡದ ಮೇಲೆ ಒಂದು ಖೋಲಿ. ಹೊಟ್ಟೆಗೆ ಮೊಬೈಲ್ ರಿಪೇರಿ, ಹುಚ್ಚಿಗೆ ಲಿನಕ್ಸ್ ಅನ್ನುವ ಪುಕ್ಕಟೆ ಕಂಪ್ಯೂಟರ್ ವ್ಯವಸ್ಥೆ. ಎಂಟನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಎಲ್ಲ ಕಲಿಸಿದ್ದು ಇಂಟರ್ನೆಟ್ಟು. ಮನೆ ಮಾಲಕರು, ವಿಜಯಪುರ ಕಡೆಯ ಅಕ್ಕಾರು, ವಿಚಾರಿಸಿದಾಗ ಚಹಾದ ಉದಾಹರಣೆ ಕೊಟ್ಟೆ. ಕಂಪ್ಯೂಟರಿಗೆ ಆಜ್ಞೆ ಟೈಪ್ ಮಾಡುವಾಗ ‘ಚಹಾ, ಸಕ್ಕರೆ ಕಡಿಮೆ, ಸ್ಟ್ರಾಂಗ್’ ಅಂದ ಹಾಗೆ ಬಾಲ ಹಚ್ಚುತ್ತೇವೆ. ಆ ಬಾಲ ಬಿಡಿಸಿ ಓದುವ ಪುಟ್ಟ ಪ್ರೋಗ್ರಾಮೊಂದನ್ನು, ನಮ್ಮ ಮಾತಲ್ಲಿ ಲೈಬ್ರರಿ, ಯಾರೋ ಬರೆದಿದ್ದಾರೆ. ಅದು ಲಿನಕ್ಸಿನಲ್ಲಿ ಸರಿಯಾಗಿ ಕೂರುವ ಹಾಗೆ ಪ್ಯಾಕೇಜು ಕಟ್ಟುವವನು ನಾನು.

‘ಚಾ ಮಾಡಾವ್ರು ಒಬ್ರು, ಕುಡ್ಯಾವ್ರು ಒಬ್ರು. ನೀವು ನಡುವ ನಿಂತು ಸಕ್ರಿ ಕಮ್ಮಿ ಅಂತೀರಿ. ಪಗಾರ?’

‘ಇಲ್ರಿ.’

ಅವತ್ತಿನಿಂದ ದಿನಾ ಚಹಾ ಕಳಿಸುತ್ತಾರೆ. ಸಕ್ಕರೆ ಮಾತ್ರ ಚಮಚ ನಿಲ್ಲುವಷ್ಟು.

೨. ಫೆರಿಯಲ್ಲಿ

ಯಾರೂ ಬಳಸದ ಪ್ಯಾಕೇಜನ್ನು ತೆಗೆದುಹಾಕುವುದು ನಮ್ಮ ಲಿನಕ್ಸ್ ಬಳಗದಲ್ಲಿ ರಿವಾಜು. ಹಿರಿಯರೊಬ್ಬರಿಂದ ಮೇಲ್ ಬಂತು: ಬಳಸುವವರಿದ್ದರೆ ತೋರಿಸು, ಇಲ್ಲವಾದರೆ ಮುಂದಿನ ಆವೃತ್ತಿಯಲ್ಲಿ ಇದಿರುವುದಿಲ್ಲ. ಎಷ್ಟು ಕಂಪ್ಯೂಟರಿನಲ್ಲಿದೆ ಅನ್ನುವ ಎಣಿಕೆ ನೋಡಿದೆ. ಎರಡು ಕಂಪ್ಯೂಟರು. ಒಂದು ನನ್ನದು. ಇನ್ನೊಂದು? ಲೋಕದಲ್ಲಿ ನನಗೊಬ್ಬ ಜೊತೆಗಾರನಿದ್ದಾನೆ ಅಂತಾದ ಮೇಲೆ ಖೋಲಿಯಲ್ಲಿ ಕೂರಲಾಗಲಿಲ್ಲ. ಪಣಜಿಯ ಫೆರಿಯಲ್ಲಿ ಒಬ್ಬರು ಲ್ಯಾಪ್‌ಟಾಪ್ ತೆರೆದಿದ್ದರು. ಕಪ್ಪು ಪರದೆ, ಬಿಳಿ ಅಕ್ಷರ. ಹೆಗಲ ಮೇಲಿಂದ ಬಗ್ಗಿ, ಆ ಎರಡನೆಯವರು ನೀವೇನಾ ಅಂತ ಹಿಂದಿಯಲ್ಲಿ ಕೇಳಿದೆ. ಲ್ಯಾಪ್‌ಟಾಪ್ ಮುಚ್ಚಿ, ಪರ್ಸು ಮುಟ್ಟಿ ನೋಡಿಕೊಂಡು, ಹೋಗಿ ಸ್ಕೂಟರುಗಳ ನಡುವೆ ನಿಂತುಬಿಟ್ಟರು.

೩. ಊಟಕ್ಕ ಬಾ

ಕೊನೆಗೆ ಪ್ಯಾಕೇಜಿನಲ್ಲೇ ಒಂದು ಸೂಚನೆ ಸೇರಿಸಿದೆ. ಅಪ್‌ಡೇಟ್ ಆದಾಗ ಇಂಗ್ಲಿಷಿನಲ್ಲಿ ಕಾಣುತ್ತದೆ: ‘ಇದನ್ನು ಬಳಸುವವರು ಯಾರೇ ಇದ್ದರೂ ಒಂದು ಸಾಲು ಬರೆಯಿರಿ.’ ಹೆಸರು ಹಾಕಲಿಲ್ಲ, ಮೇಲ್ ವಿಳಾಸ ಮಾತ್ರ. ಯಾರೂ ಬರೆಯಲಿಲ್ಲ.

ಆಮೇಲೊಮ್ಮೆ ಫಾತೋರ್ಡಾಕ್ಕೆ ಹೋದೆ. ಹಿಂದೆ ಅಲ್ಲಿದ್ದಾಗ ಗೆಳೆಯರಾದ ಸೂಪರ್‌ವೈಸರ್ ಒಬ್ಬರಿದ್ದಾರೆ, ಧಾರವಾಡದವರು, ಕಟ್ಟಡ ಕೆಲಸ. ಅಲ್ಲಿಯ ಖೋಲಿ ಬಿಡುವಾಗ ನನ್ನ ಹಳೇ ಲ್ಯಾಪ್‌ಟಾಪನ್ನು ಅವರಿಗೇ ಕೊಟ್ಟುಬಂದಿದ್ದೆ.

‘ಇದರಾಗ ಯಾವನೋ ಒಬ್ಬಾಂವ ಬರಾಕತ್ತಾನ್ರಿ,’ ಅಂದರು. ‘ಯಾರರ ಇದ್ರ ಬರೀರಿ ಅಂತಾನ. ಯಾರೂ ಇಲ್ಲ ಕಾಣ್ತೈತಿ, ಪಾಪ. ನನಗ ಟೈಪಿಂಗ್ ಬರೂದಿಲ್ಲ, ನೀವರ ಬರದ್ ಬಿಡ್ರಿ. ನಾವದೀವಿ, ರವಿವಾರ ಊಟಕ್ಕ ಬಾ ಅಂತ. ನೀವೂ ಬರ್ರಿ.’

ಲೋಕದ ಎರಡನೇ ಕಂಪ್ಯೂಟರೂ ನನ್ನದೇ. ಸುಮ್ಮನೆ ಅವರು ಹೇಳಿದ್ದನ್ನು ಟೈಪ್ ಮಾಡಿದೆ. ನನ್ನ ಕಿಸೆಯ ಮೊಬೈಲೇ ಟಣ್ ಅಂತು. ಬಂದ ಆ ಮೇಲ್ ಅನ್ನೇ ಹಿರಿಯರಿಗೆ ಕಳಿಸಿದೆ. ಅದರಲ್ಲಿ ಸುಳ್ಳೇನಿರಲಿಲ್ಲ. ಪ್ಯಾಕೇಜು ಉಳಿಯಿತು.

ರವಿವಾರ ಹೋದರೆ ಮೂರು ತಾಟು ಇಟ್ಟಿದ್ದರು. ಬಾಗಿಲ ಕಡೆ ನೋಡಿ ನೋಡಿ ಕೇಳಿದರು: ‘ಅಂವ ಬರ್ಲಿಲ್ಲಲ್ರಿ?’

‘ಬಂದಾನ್ರಿ, ಅಂವ ನಾನೇ’ ಅನ್ನಲು ನಾಚಿಕೆಯಾಯಿತು. ಅವನ ಪಾಲಿನ ರೊಟ್ಟಿಯನ್ನೂ ನಾನೇ ತಿಂದೆ.