‘ಕೀಟಮರ್ದಿನಿ’ ಪ್ರಶಸ್ತಿಯನ್ನು ವಾಪಸು ಪಡೆಯುವ ಬಗ್ಗೆ

ಇಂದ,
ಲೋಹಿತಾ, ಕೀಟಶಾಸ್ತ್ರಜ್ಞೆ,
ತೇಗದ ಸಸಿ ಪಾಲನಾ ಕೇಂದ್ರ,
ಮಿಡಿಗೇಶಿ, ಮಧುಗಿರಿ ತಾಲ್ಲೂಕು.

ಗೆ,
ಅಧ್ಯಕ್ಷರು,
ಕೀಟಮುಕ್ತ ಅರಣ್ಯ ಸಪ್ತಾಹ ಸಮಿತಿ.

ವಿಷಯ: ಅರ್ಜಿದಾರಳಿಗೆ ದಯಪಾಲಿಸಿದ ‘ಕೀಟಮರ್ದಿನಿ’ ಪ್ರಶಸ್ತಿಯನ್ನು ರದ್ದುಪಡಿಸುವ ಕುರಿತು.

ಉಲ್ಲೇಖ: 1) ತಮ್ಮ ಸಮಿತಿಯ ಪ್ರಶಂಸಾಪತ್ರ.
2) ನೆರೆಯ ರೇಷ್ಮೆ ಬೆಳೆಗಾರ್ತಿ ಕೆಂಪಕ್ಕನವರು ಬಾಯಿಮಾತಿನಲ್ಲಿ ಸಲ್ಲಿಸಿದ ಆಕ್ಷೇಪಣೆ.

ಮಾನ್ಯರೇ,

ಅರ್ಜಿದಾರಳು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಹೊರದೇಶದಿಂದ ಬಂದು ಸೇರಿಕೊಂಡ ಹಿಟ್ಟುತಿಗಣೆ ಎಂಬ ಬಿಳಿ ಕೀಟವು ಕೇಂದ್ರದ ತೇಗದ ಸಸಿಗಳನ್ನೂ ಬೇಲಿಯಾಚೆಯ ಕೆಂಪಕ್ಕನವರ ಹಿಪ್ಪುನೇರಳೆಯನ್ನೂ ಹೀರಿ ಸುರುಟಿಸುತ್ತಿತ್ತು. ಔಷಧ ಹೊಡೆದರೆ ಮೈಮೇಲಿನ ಮೇಣದ ಹಿಟ್ಟಿನಿಂದಾಗಿ ಅದು ಬಚಾವಾಗುತ್ತದೆ. ಆದಕಾರಣ ಅರ್ಜಿದಾರಳು, ತಿಗಣೆಯ ಹೊಟ್ಟೆಯೊಳಗೇ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಪುಟ್ಟ ಕಣಜಗಳನ್ನು ಸಾಕಿ ಎರಡೂ ಕಡೆ ಬಿಟ್ಟಳು. ಕಣಜಗಳು ರಜೆ, ಭತ್ಯೆ ಕೇಳದೆ ಕೆಲಸ ಮಾಡಿದವು. ಮಳೆಗಾಲ ಮುಗಿಯುವ ಹೊತ್ತಿಗೆ ಹಿಪ್ಪುನೇರಳೆ ಚಿಗುರಿತು. ಕೆಂಪಕ್ಕನವರು ಧೈರ್ಯ ಮಾಡಿ ಮತ್ತೆ ರೇಷ್ಮೆಹುಳು ಸಾಕತೊಡಗಿದರು.

2. ಹೀಗಿರುವಲ್ಲಿ ತಮ್ಮ ಸಪ್ತಾಹ ಬಂದಿತು. ಸಂಚಾಲಕರಾದ ಶ್ರೀ ನಾಗಲಿಂಗಯ್ಯನವರು ಪಂಪು ಹೊತ್ತ ಆಳುಗಳೊಂದಿಗೆ ಬೆಳಿಗ್ಗೆಯೇ ಹಾಜರಾದರು.

“ಬೇಡಿ ಸರ್, ನನ್ನ ಕಣಜಗಳು ಸತ್ತುಹೋಗ್ತವೆ. ಪಕ್ಕದಲ್ಲೇ ರೇಷ್ಮೆ ಸೊಪ್ಪಿದೆ,” ಎಂದು ಅರ್ಜಿದಾರಳು ಗೇಟಿಗೆ ಅಡ್ಡ ನಿಂತಳು.

“ಕಣಜ ಕೀಟ ಹೌದೋ ಅಲ್ವೋ?”

“ಹೌದು, ಆದ್ರೆ...”

“ಬ್ಯಾನರ್‌ನಲ್ಲಿ ಏನು ಬರ್ದಿದೆ ನೋಡಿ ಮೇಡಂ. ಕೀಟಮುಕ್ತ!”

ಈ ತಾಂತ್ರಿಕ ಕಾರಣದಿಂದ ಸಿಂಪಡಣೆ ನಡೆಯಿತು. ಗಾಳಿಯು ಬೇಲಿಯನ್ನು ಗಡಿಯೆಂದು ಪರಿಗಣಿಸದೆ ಔಷಧವನ್ನು ಹಿಪ್ಪುನೇರಳೆಯ ಮೇಲೂ ಕೊಂಡೊಯ್ದಿತು.

3. ಅರ್ಜಿದಾರಳು ಕೆಂಪಕ್ಕನವರ ಮನೆಗೆ ಓಡಿದಳು. ಬಾಗಿಲಿಗೆ ಬೀಗ. ಕುರ್ಚಿ ತುಂಬಿಸುವ ಸಲುವಾಗಿ ಊರವರನ್ನು ಶಾಮಿಯಾನಕ್ಕೆ ಕರೆದೊಯ್ಯಲಾಗಿತ್ತು. ಅಲ್ಲಿಗೆ ಓಡಿದರೆ, ಹಿಟ್ಟುತಿಗಣೆ ನಿವಾರಿಸಿದ ‘ಕೀಟಮರ್ದಿನಿ’ ಎಂದು ಅವಳದೇ ಹೆಸರು ಕೂಗುತ್ತಿದ್ದರು. ವೇದಿಕೆಗೆ ಹತ್ತಿಸಿ ಶಾಲು ಹೊದಿಸಿ ಮೈಕು ಕೊಟ್ಟರು.

“ಕೆಂಪಕ್ಕಾ, ಸೊಪ್ಪು ಮುಟ್ಟಬೇಡಿ! ಹುಳಕ್ಕೆ ಹಾಕಬೇಡಿ!” ಎಂದು ಅರ್ಜಿದಾರಳು ಕಿರುಚಿದಳು.

ಇದು ಸಪ್ತಾಹದ ಘೋಷಣೆಯೆಂದು ಭಾವಿಸಿದ ಶ್ರೀ ನಾಗಲಿಂಗಯ್ಯನವರು “ಸೊಪ್ಪು ಮುಟ್ಟಬೇಡಿ!” ಎಂದು ಇಡೀ ಸಭೆಯಿಂದ ಹೇಳಿಸಿ ಚಪ್ಪಾಳೆ ತಟ್ಟಿಸಿದರು. ಅರ್ಥವಾದದ್ದು ಕೆಂಪಕ್ಕನವರೊಬ್ಬರಿಗೆ. ಎದ್ದು ಓಡಿದರು.

4. ಅಷ್ಟರಲ್ಲಿ, ಬಿಸಿಲೇರಿತೆಂದು ಕುರಿಗಳನ್ನು ರೊಪ್ಪಕ್ಕೆ ಕೂಡಿ ಬಂದ ಅವರ ಯಜಮಾನ ಕ್ಯಾತಣ್ಣನವರು ಸೊಪ್ಪು ಕೊಯ್ದು ಹಾಕಿಯಾಗಿತ್ತು. ಇನ್ನೇನು ಗೂಡು ಕಟ್ಟಲಿದ್ದ ಹುಳುಗಳು ತಲೆ ಒದರುತ್ತ, ಹಸಿರು ರಸ ಕಕ್ಕುತ್ತ, ತಟ್ಟೆ ತಟ್ಟೆಯೇ ಸತ್ತವು.

“ನನ್ ಕೈಯಾರೆ ತಿನ್ಸ್‌ಬುಟ್ನಲ್ಲಮ್ಮ,” ಎಂದು ಕ್ಯಾತಣ್ಣನವರು ಗೋಡೆಗೆ ಒರಗಿ ಕೂತರು.

ಕೆಂಪಕ್ಕನವರು ಬಯ್ಯಲಿಲ್ಲ. ಅರ್ಜಿದಾರಳ ಹೆಗಲ ಮೇಲಿದ್ದ ಶಾಲು ನೋಡಿ, “ಇದ್ಯಾತಕ್ಕೆ ಹೊದ್ಸವ್ರೆ ಮೇಡಮ್ಮ?” ಎಂದರು.

“ಹುಳ ಕೊಂದಿದ್ದಕ್ಕೆ.”

“ಯಾವ ಹುಳ?”

ಈ ಪ್ರಶ್ನೆಯನ್ನೇ ಉಲ್ಲೇಖ 2ರಲ್ಲಿ ಆಕ್ಷೇಪಣೆಯೆಂದು ನಮೂದಿಸಿದೆ.

5. ಶತ್ರುಗಳೆಲ್ಲ ನಿರ್ಮೂಲವಾದ ಕಾರಣ ಹಿಟ್ಟುತಿಗಣೆಯು ಇದೀಗ ಎರಡೂ ಕಡೆ ನೆಮ್ಮದಿಯಿಂದಿದೆ. ಆದರೆ ಕೆಂಪಕ್ಕನವರ ಹಿತ್ತಿಲಲ್ಲಿ ಔಷಧ ತಲುಪದ ಪರಂಗಿ ಗಿಡವೊಂದರಲ್ಲಿ ಕೆಲವು ಕಣಜಗಳು ಬದುಕುಳಿದಿವೆ. ಅವನ್ನು ಕಂಡು ಅರ್ಜಿದಾರಳು ಅತ್ತಳು; ಇದು ಕರ್ತವ್ಯದ ವೇಳೆಯಲ್ಲಿ ನಡೆದದ್ದಕ್ಕೆ ವಿಷಾದಿಸುತ್ತಾಳೆ. ಈಗ ಅವಳೂ ಕೆಂಪಕ್ಕನವರೂ ಸೇರಿ, ಹೊಟ್ಟೆಯಲ್ಲಿ ಕಣಜದ ಮರಿ ಹೊತ್ತ ತಿಗಣೆಗಳಿರುವ ಆ ಪರಂಗಿ ಎಲೆಗಳನ್ನು ಹಿಪ್ಪುನೇರಳೆ ಕಡ್ಡಿಗಳಿಗೆ ಕಟ್ಟುತ್ತಿದ್ದಾರೆ.

“ಈ ಸಲ ಯಾರ್ಗೂ ಯೋಳ್ಬ್ಯಾಡ ಮೇಡಮ್ಮ,” ಎಂದು ಕೆಂಪಕ್ಕನವರು ಎಚ್ಚರಿಸಿದ್ದಾರೆ. “ಸನ್ಮಾನ ಮಾಡ್ಬುಡ್ತಾರೆ.”

ಆದ್ದರಿಂದ ಸದರಿ ಪ್ರಶಸ್ತಿಯನ್ನು ಹಿಂಪಡೆದು, ತಮ್ಮ ವರದಿಯ ‘ಸಾಧನೆ’ ಕಾಲಂನಲ್ಲಿ ಸೇರಿಹೋಗಿರುವ ರೇಷ್ಮೆಹುಳುಗಳನ್ನು ‘ನಷ್ಟ’ ಕಾಲಂಗೆ ವರ್ಗಾಯಿಸಬೇಕಾಗಿ ಕೋರಿದೆ.

ತಮ್ಮ ಗೌರವಕ್ಕೆ ಅನರ್ಹಳಾದ ವಿಶ್ವಾಸಿ,
ಲೋಹಿತಾ

ಲಗತ್ತುಗಳು:
ಪ್ರಶಂಸಾಪತ್ರ, ಮೂಲಪ್ರತಿ.
ಶಾಲು, ಒಗೆದದ್ದು.
ಸತ್ತ ಕಣಜ, ಸೀಸೆಯಲ್ಲಿ. (ಕಾಣದಿದ್ದರೆ ಭೂತಗನ್ನಡಿ ಬಳಸುವುದು.)

ವಿ.ಸೂ.: ಮುಂದಿನ ಸಪ್ತಾಹ ನಿಡುಗಲ್‌ನಲ್ಲಿ ಎಂದು ತಿಳಿದುಬಂದಿದೆ. ಬ್ಯಾನರು, ಭಾಷಣ, ಊಟ ಎಂದಿನಂತೆ ನಡೆಯಲಿ. ಪಂಪುಗಳಿಗೆ ಮಾತ್ರ ಬರೀ ನೀರು ತುಂಬಿಸಲು ಆದೇಶಿಸಬೇಕು. ಫೋಟೋದಲ್ಲಿ ವ್ಯತ್ಯಾಸ ಕಾಣುವುದಿಲ್ಲ.